ಸ್ಟಿಯರಿಕ್ ಆಮ್ಲ: ಹೆಸರೊಂದು, ದರ್ಜೆ ಹಲವು

ಮೇಣದ ಬತ್ತಿ, ಟಯರು, ಪಿವಿಸಿ ಕೊಳವೆ, ಮುಖಕ್ಕೆ ಹಚ್ಚುವ ಕ್ರೀಮು, ಲೋಹಕ್ಕೆ ಹೊಳಪು ನೀಡುವ ಪಾಲಿಶ್ – ಪರಸ್ಪರ ಸಂಬಂಧವೇ ಇಲ್ಲದಂತೆ ತೋರುವ ಈ ಸರಕುಗಳ ತಯಾರಿಕೆಯಲ್ಲೆಲ್ಲ ಬಳಕೆಯಾಗುವ ಕಚ್ಚಾ ಸಾಮಗ್ರಿಯೊಂದಿದೆ. ಅದೇ ಸ್ಟಿಯರಿಕ್ ಆಮ್ಲ. ಬಿಳಿಯ ಚಕ್ಕೆ ಅಥವಾ ಮಣಿಗಳ ರೂಪದಲ್ಲಿ ಚೀಲಗಳಲ್ಲಿ ಬರುವ ಈ ಪದಾರ್ಥವನ್ನು ಕೇವಲ ಹೆಸರು ಮತ್ತು ದರ ನೋಡಿ ಖರೀದಿಸುವ ಸಣ್ಣ ಉದ್ದಿಮೆದಾರರು ಅದರ ಒಳಗುಣವನ್ನೂ ಅರಿಯುವುದು ಲಾಭದಾಯಕ.

ಕೊಬ್ಬು ಎಂಬುದು ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳ ಸಂಯುಕ್ತವೆಂದು ತೋರಿಸಿಕೊಟ್ಟವರು ಫ್ರಾನ್ಸಿನ ರಸಾಯನ ವಿಜ್ಞಾನಿ ಷೆವ್ರಲ್. 1825ರಲ್ಲಿ ಅವರು ಗೇ-ಲುಸಾಕ್ ಅವರೊಡನೆ ಕೊಬ್ಬಿನಾಮ್ಲದ ಮೇಣದ ಬತ್ತಿಗೆ ಪೇಟೆಂಟ್ ಪಡೆದರು. ಹೊಗೆ ಮತ್ತು ದುರ್ವಾಸನೆ ಬೀರುತ್ತಿದ್ದ ಕೊಬ್ಬಿನ ಬತ್ತಿಗಳಿಗೆ ಇದರಿಂದ ಉತ್ತಮ ಪರ್ಯಾಯ ದೊರೆಯಿತು.

ತಯಾರಿಕೆಯ ಹಂತಗಳು

ತಾಳೆ ಎಣ್ಣೆಯ ಗಟ್ಟಿ ಭಾಗವಾದ ಪಾಮ್ ಸ್ಟಿಯರಿನ್, ಅಕ್ಕಿ ತೌಡಿನ ಎಣ್ಣೆ ಹಾಗೂ ಪ್ರಾಣಿಜನ್ಯ ಕೊಬ್ಬು ಇದರ ಮೂಲವಸ್ತುಗಳು. ಎತ್ತರದ ಗೋಪುರದಲ್ಲಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು 50 ವಾಯುಭಾರದಷ್ಟು ಒತ್ತಡದಲ್ಲಿ ಎಣ್ಣೆಯನ್ನು ಕೆಳಗಿನಿಂದಲೂ ನೀರನ್ನು ಮೇಲಿನಿಂದಲೂ ಹರಿಸಿದಾಗ ಎಣ್ಣೆಯು ಒಡೆದು ಕೊಬ್ಬಿನಾಮ್ಲಗಳು ಬೇರ್ಪಡುತ್ತವೆ. ನೀರಿನೊಡನೆ ಹೊರಬರುವ ಗ್ಲಿಸರಿನ್ ಬೆಲೆಬಾಳುವ ಉಪಉತ್ಪನ್ನ.

ಹೀಗೆ ದೊರೆತ ಮಿಶ್ರಣದಲ್ಲಿ ಓಲಿಯಿಕ್ ಆಮ್ಲದಂತಹ ದ್ರವ ಆಮ್ಲಗಳೂ ಇರುತ್ತವೆ. ನಿಕ್ಕಲ್ ವೇಗವರ್ಧಕದ ಸಮ್ಮುಖದಲ್ಲಿ ಜಲಜನಕವನ್ನು ಹಾಯಿಸಿದರೆ ಇವು ಸ್ಟಿಯರಿಕ್ ಆಮ್ಲವಾಗಿ ಮಾರ್ಪಡುತ್ತವೆ. ಏಕೆಂದರೆ ಎರಡರಲ್ಲಿಯೂ ಇಂಗಾಲದ ಪರಮಾಣುಗಳು 18. ನಿರ್ವಾತದಲ್ಲಿ ಬಟ್ಟಿ ಇಳಿಸುವುದರಿಂದ ಬಣ್ಣ ಮತ್ತು ವಾಸನೆಯ ಅಂಶಗಳು ತೊಲಗುತ್ತವೆ. ಹಿಂದೆ ಮಿಶ್ರಣವನ್ನು ತಣಿಸಿ, ಒತ್ತುಯಂತ್ರದಲ್ಲಿ ಹಿಂಡಿ ದ್ರವಭಾಗವನ್ನು ತೆಗೆಯುತ್ತಿದ್ದರು. ವ್ಯಾಪಾರದಲ್ಲಿ ಉಳಿದಿರುವ ‘ಡಬಲ್ ಪ್ರೆಸ್ಡ್’, ‘ಟ್ರಿಪಲ್ ಪ್ರೆಸ್ಡ್’ ಎಂಬ ಹೆಸರುಗಳು ಆ ಪದ್ಧತಿಯಿಂದ ಬಂದವು.

ಅಂಕಿಗಳು ಹೇಳುವುದೇನು?

ಮಾರುಕಟ್ಟೆಯ ಸ್ಟಿಯರಿಕ್ ಆಮ್ಲವು ಬಹುಪಾಲು ಸ್ಟಿಯರಿಕ್ ಮತ್ತು ಪಾಮಿಟಿಕ್ ಆಮ್ಲಗಳ ಮಿಶ್ರಣ. ಶುದ್ಧ ಸ್ಟಿಯರಿಕ್‌ನ ಆಮ್ಲಾಂಕ ಸುಮಾರು 197. ಪಾಮಿಟಿಕ್‌ನದು ಸುಮಾರು 219. ಎರಡೂ ಸಮನಾಗಿದ್ದರೆ ಅದು 208ರ ಆಸುಪಾಸಿನಲ್ಲಿರುತ್ತದೆ. ಶುದ್ಧ ಸ್ಟಿಯರಿಕ್ 69 ಡಿಗ್ರಿಯಲ್ಲಿ ಕರಗಿದರೆ, ಈ ಮಿಶ್ರಣ 55ರ ಸುಮಾರಿಗೇ ಕರಗುತ್ತದೆ. ಅಯೋಡಿನ್ ಅಂಕ ಹೆಚ್ಚಿದ್ದರೆ ದ್ರವ ಆಮ್ಲಗಳು ಉಳಿದಿವೆಯೆಂದು ಅರ್ಥ. ಅಂತಹ ಸರಕು ದಾಸ್ತಾನಿನಲ್ಲಿ ಹಳದಿಗಟ್ಟಿ ಕಮಟುವ ಸಂಭವವಿದೆ. ಹರಳೆಣ್ಣೆಯಿಂದ ತಯಾರಾಗಿ ಗ್ರೀಸ್ ಉದ್ಯಮದಲ್ಲಿ ಬಳಕೆಯಾಗುವ 12-ಹೈಡ್ರಾಕ್ಸಿ ಸ್ಟಿಯರಿಕ್ ಆಮ್ಲವು ಬೇರೆಯೇ ಪದಾರ್ಥ. ಹೆಸರಿನ ಸಾಮ್ಯದಿಂದ ಮೋಸಹೋಗಬಾರದು.

ರಬ್ಬರ್ ಘಟಕಗಳಲ್ಲಿ 100 ಭಾಗ ರಬ್ಬರಿಗೆ ಸಾಮಾನ್ಯವಾಗಿ 1ರಿಂದ 2 ಭಾಗ ಸ್ಟಿಯರಿಕ್ ಆಮ್ಲವನ್ನು ಸೇರಿಸುತ್ತಾರೆ. ಅದು ಸತುವಿನ ಆಕ್ಸೈಡಿನೊಡನೆ ಕೂಡಿ ಗಂಧಕದ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಪ್ರಮಾಣ ಮಿತಿಮೀರಿದರೆ ಮೇಲ್ಮೈಗೆ ಬಿಳಿಯ ಪುಡಿಯಾಗಿ ಉಕ್ಕಿ, ಪದರಗಳು ಒಂದಕ್ಕೊಂದು ಅಂಟದೆ ಸರಕು ತಿರಸ್ಕೃತವಾಗಬಹುದು. ಪಿವಿಸಿ ಉದ್ಯಮಕ್ಕೆ ಬೇಕಾದ ಕ್ಯಾಲ್ಸಿಯಂ ಮತ್ತು ಸತುವಿನ ಸ್ಟಿಯರೇಟ್ ತಯಾರಿಸುವವರಿಗಂತೂ ಆಮ್ಲಾಂಕವೇ ಲೆಕ್ಕಾಚಾರದ ಬುನಾದಿ. ಅದು ತಪ್ಪಿದರೆ ಕ್ಷಾರದ ಪ್ರಮಾಣವೂ ತಪ್ಪುತ್ತದೆ.

ದರದ ಏರಿಳಿತ

ಈ ಆಮ್ಲದ ದರವು ತಾಳೆ ಎಣ್ಣೆಯ ಮಾರುಕಟ್ಟೆಯೊಡನೆ ತಳಕು ಹಾಕಿಕೊಂಡಿದೆ. 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೋನೇಷ್ಯಾವು ತಾಳೆ ಎಣ್ಣೆಯ ರಫ್ತನ್ನು ನಿಷೇಧಿಸಿದ್ದು, ಪೂರೈಕೆ ಎಷ್ಟು ಬೇಗ ಅನಿಶ್ಚಿತವಾಗಬಲ್ಲದು ಎಂಬುದನ್ನು ತೋರಿಸಿತು. ಇಂತಹ ಸಮಯದಲ್ಲಿ ಬದಲಿ ಮೂಲದ ಸರಕು ಕೊಳ್ಳುವುದು ಅನಿವಾರ್ಯವಾದರೂ, ತೌಡಿನ ಎಣ್ಣೆಯಿಂದ ತಯಾರಾದ ಆಮ್ಲದಲ್ಲಿ ಸ್ಟಿಯರಿಕ್ ಅಂಶವು ಪಾಮ್ ಸ್ಟಿಯರಿನ್ ಮೂಲದ್ದಕ್ಕಿಂತ ಹೆಚ್ಚಿರುವುದರಿಂದ ಸೂತ್ರವನ್ನು ಮರುಪರಿಶೀಲಿಸಬೇಕಾಗುತ್ತದೆ.

ಆದುದರಿಂದ ಖರೀದಿ ಆದೇಶದಲ್ಲಿಯೇ ಮೂಲವಸ್ತು, ಆಮ್ಲಾಂಕ, ಅಯೋಡಿನ್ ಅಂಕ ಮತ್ತು ಕರಗುವ ಉಷ್ಣತೆಯ ಮಿತಿಗಳನ್ನು ನಮೂದಿಸುವುದು, ಪ್ರತಿ ಬ್ಯಾಚಿನ ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು, ಮಾದರಿಯೊಂದನ್ನು ತೆಗೆದಿರಿಸುವುದು ಸೂಕ್ತ. ಆಮ್ಲಾಂಕದ ಪರೀಕ್ಷೆಗೆ ದುಬಾರಿ ಯಂತ್ರಗಳು ಬೇಕಿಲ್ಲ. ತಕ್ಕಡಿ, ಬ್ಯುರೆಟ್ ಮತ್ತು ಒಂದೆರಡು ರಾಸಾಯನಿಕಗಳಿದ್ದರೆ ಸಾಕು. ಕಿಲೋಗ್ರಾಮಿಗೆ ಉಳಿಯುವ ಅಲ್ಪ ಮೊತ್ತಕ್ಕಿಂತ ತಿರಸ್ಕೃತವಾದ ಒಂದು ಬ್ಯಾಚಿನ ನಷ್ಟವೇ ದೊಡ್ಡದೆಂಬುದನ್ನು ಉದ್ದಿಮೆದಾರರು ಗಮನದಲ್ಲಿಡಬೇಕು.