ನಾಯಿಗಳಿಗೆ ಹಣ್ಣಿನ ಬೀಜಗಳಿಂದ ಆಗತಕ್ಕ ಅಪಾಯ

ಮನೆಯನ್ನೂ ತೋಟವನ್ನೂ ಕಾಯುವ ನಾಯಿಯು ರೈತನಿಗೆ ಒಬ್ಬ ಆಳಿನಷ್ಟು ನೆರವಾಗುತ್ತದೆ. ಬಳ್ಳಾರಿ ಪಟ್ಟಣದ ಹಣ್ಣಿನಂಗಡಿಗಳ ಬಳಿಯಲ್ಲಿಯೂ, ಕುರುಗೋಡಿನ ಅಂಜೂರ ಮತ್ತು ದಾಳಿಂಬೆಯ ತೋಟಗಳಲ್ಲಿಯೂ ನಾಯಿಗಳು ಬಿದ್ದ ಹಣ್ಣನ್ನು ಬೀಜಸಹಿತವಾಗಿ ತಿನ್ನುವುದುಂಟು. ಎಲ್ಲಾ ಬೀಜಗಳೂ ವಿಷವೆಂದು ಹೆದರಬೇಕಾದುದಿಲ್ಲ. ಯಾವುದೂ ಕೇಡು ಮಾಡದೆಂದು ಉದಾಸೀನರಾಗಿರುವುದೂ ತರವಲ್ಲ.

ಅಂಜೂರ, ಸೀಬೆ ಮೊದಲಾದ ಹಣ್ಣುಗಳ ಸಣ್ಣ ಬೀಜಗಳು ಮಲದೊಡನೆ ಹೊರಬೀಳುತ್ತವೆ, ಇವುಗಳಿಂದ ಭಯವಿಲ್ಲ.

ಮಾವಿನ ಗೊರಟೆಯ ವಿಷಯವು ಬೇರೆ. ನಾಯಿಯು ಇದನ್ನು ಇಡಿಯಾಗಿ ನುಂಗಿದರೆ, ಅದು ಸಣ್ಣ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಪದೇ ಪದೇ ವಾಂತಿ, ಮೇವು ಬಿಡುವುದು, ಮಲಬದ್ಧತೆ, ಹೊಟ್ಟೆನೋವು ಇದರ ಲಕ್ಷಣಗಳು. ಇದಕ್ಕೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಸೇಬಿನ ಬೀಜವನ್ನು ಅಗಿದಾಗ ಸಯನೈಡ್ ಎಂಬ ವಿಷವು ಹುಟ್ಟುತ್ತದೆ. ಆದರೆ ನಾಲ್ಕಾರು ಬೀಜಗಳಿಂದ ಸಾಮಾನ್ಯವಾಗಿ ಕೆಡುಕಾಗದು. ಸೀತಾಫಲದ ಬೀಜದ ಪುಡಿಯನ್ನು ಹೇನು ಕೊಲ್ಲುವುದಕ್ಕೆ ಉಪಯೋಗಿಸುವರು. ಅದು ಕಣ್ಣಿಗೆ ಬಿದ್ದರೆ ಕಣ್ಣು ಕೆಡುವುದು. ಆದುದರಿಂದ ಈ ಬೀಜಗಳನ್ನು ಜಜ್ಜಿ ನಾಯಿಗೆ ಸಿಕ್ಕುವಂತೆ ಇಡಬಾರದು. ದ್ರಾಕ್ಷಿಯಲ್ಲಿ ಬೀಜವಿರಲಿ ಇಲ್ಲದಿರಲಿ, ಹಣ್ಣೇ ಕೆಲವು ನಾಯಿಗಳ ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಒಣದ್ರಾಕ್ಷಿಯೂ ಹಾಗೆಯೇ.

ತಿನ್ನುವ ಹಣ್ಣಿನದಲ್ಲವಾದರೂ, ಎಲ್ಲಕ್ಕಿಂತ ಘೋರವಾದುದು ಹರಳಿನ ಬೀಜ. ಅದರಲ್ಲಿರುವ ರೈಸಿನ್ ಎಂಬ ವಿಷವು ಗಾಣದಲ್ಲಿ ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲಿಯೇ ಉಳಿಯುವುದು. ಸಾಕಷ್ಟು ಕಾಯಿಸಿದರೆ ಮಾತ್ರ ಅದು ನಾಶವಾಗುವುದು. ಕುರುಗೋಡಿನ ತೋಟಗಳಲ್ಲಾಗಲಿ, ಸಿರುಗುಪ್ಪದ ನೀರಾವರಿ ಜಮೀನುಗಳಲ್ಲಾಗಲಿ ಗೊಬ್ಬರಕ್ಕಾಗಿ ಹರಳು ಹಿಂಡಿಯನ್ನು ಹಾಕುವವರು ಇದನ್ನು ಮರೆಯಬಾರದು. ನಾಯಿಗಳು ಹಿಂಡಿಯನ್ನು ಆಸೆಯಿಂದ ತಿನ್ನುತ್ತವೆ. ಮೂಳೆಪುಡಿ ಬೆರೆತಿದ್ದರೆ ಮತ್ತಷ್ಟು. ಸಾಮಾನ್ಯವಾಗಿ 6ರಿಂದ 24 ಗಂಟೆಗಳೊಳಗೆ ವಾಂತಿ, ಹೊಟ್ಟೆನೋವು, ರಕ್ತಭೇದಿ, ನಿತ್ರಾಣ ತೋರುವುವು. ಕೆಲವು ವೇಳೆ ಇನ್ನೂ ತಡವಾಗುವುದುಂಟು. ಈ ವಿಷಕ್ಕೆ ಪ್ರತಿವಿಷವಿಲ್ಲ. ಬೇಗ ಚಿಕಿತ್ಸೆ ದೊರೆತರೆ ಬದುಕುವ ಸಂಭವವುಂಟು.

ಹಿಂಡಿಯ ಚೀಲಗಳನ್ನು ಬಾಗಿಲು ಹಾಕಿದ ಕೊಠಡಿಯಲ್ಲಿಡತಕ್ಕದ್ದು. ಗೊಬ್ಬರ ಹಾಕಿದ ಕೂಡಲೆ ಮಣ್ಣು ಮುಚ್ಚಿ, ಕೆಲವು ದಿನ ನಾಯಿಯನ್ನು ಕಟ್ಟಿರತಕ್ಕದ್ದು. ಗೊರಟೆಗಳನ್ನು ತಿಪ್ಪೆಯಲ್ಲಿ ಆಳವಾಗಿ ಹೂಳತಕ್ಕದ್ದು.

ನಾಯಿಯು ತಿಂದುದು ತಿಳಿದೊಡನೆ, ಲಕ್ಷಣಗಳಿಗಾಗಿ ಕಾಯದೆ, ಉಳಿದ ಬೀಜವನ್ನೋ ಹಿಂಡಿಯನ್ನೋ ಜೊತೆಗೆ ತೆಗೆದುಕೊಂಡು ಪಶುವೈದ್ಯರಲ್ಲಿಗೆ ಹೋಗತಕ್ಕದ್ದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ವಾಡಿಕೆಯನ್ನು ಬಿಡತಕ್ಕದ್ದು. ಉಪ್ಪೇ ನಾಯಿಯ ಪ್ರಾಣಕ್ಕೆ ಮುಳುವಾಗಬಹುದು.