ಕೇಂಬ್ರಿಡ್ಜ್‌ನಲ್ಲಿ ಕಲಿತ ಲೆಕ್ಕ, ತಿಕೋಟಾದ ದ್ರಾಕ್ಷಿ ತೋಟ

ಬಿ.ಕಾಂ. ಓದುವಾಗ ‘ಗುಣಕ’ ಅಂತ ಒಂದು ಪಾಠ ಇತ್ತು. ಸೂತ್ರ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತುಬಿಟ್ಟಿದ್ದೆ. ನಮ್ಮಂಥ ದೇಶಕ್ಕೆ ಆ ಸೂತ್ರ ಒಗ್ಗುತ್ತದಾ ಅಂತ ಕೇಳಿದವರು ಡಾ. ವಿ.ಕೆ.ಆರ್.ವಿ. ರಾವ್. ಇವತ್ತಿನ ಸಂಚಿಕೆ ಅವರ ಬಗ್ಗೆ.

1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ರಾವ್, ಮುಂಬೈಯಲ್ಲಿ ಓದಿ ಕೇಂಬ್ರಿಡ್ಜ್‌ಗೆ ಹೋದರು. 1930ರ ದಶಕದ ಕೇಂಬ್ರಿಡ್ಜ್ ಅಂದ್ರ ಅರ್ಥಶಾಸ್ತ್ರದ ಗರಡಿಮನೆ. ಜಾನ್ ಮೇನಾರ್ಡ್ ಕೇನ್ಸ್ ಅಲ್ಲೇ ಇದ್ದರು, ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಹೆಸರಾದ ಕಾಲಿನ್ ಕ್ಲಾರ್ಕ್ ಕೂಡ ಇದ್ದರು. ಇಂಥವರ ಒಡನಾಟದಲ್ಲಿ ರಾವ್ ಬ್ರಿಟಿಷ್ ಭಾರತದ 1931-32ರ ಆದಾಯ ಲೆಕ್ಕ ಹಾಕಿ 1937ರಲ್ಲಿ ಪಿಎಚ್.ಡಿ. ಪಡೆದರು. ಆಳುವವರ ದೇಶದಲ್ಲಿ ಕೂತು, ಆಳಿಸಿಕೊಂಡವರ ಬಡತನ ಅಳೆದದ್ದು ಸಣ್ಣ ಮಾತಲ್ಲ.

ಈಗ ಗುಣಕಕ್ಕೆ ಬರೋಣ. ಸರ್ಕಾರ 100 ರೂಪಾಯಿ ಕೂಲಿ ಕೊಟ್ಟಿತು ಅನ್ನಿ. ಕೂಲಿಯವರು 80 ಖರ್ಚು ಮಾಡ್ತಾರ. ಅದು ಅಂಗಡಿಯವರ ಆದಾಯ. ಅವರು ಅದರಲ್ಲಿ 64 ಖರ್ಚು ಮಾಡ್ತಾರ. ಹೀಗೆ ಸರಪಳಿ ಸಾಗಿ ಕೊನೆಗೆ ಒಟ್ಟು ಆದಾಯ 500 ಆಗುತ್ತದೆ. ಬಡವರು ಬಂದದ್ದನ್ನೆಲ್ಲ ಖರ್ಚು ಮಾಡೋದರಿಂದ ಬಡ ದೇಶದಲ್ಲಿ ಇದು ಇನ್ನೂ ಜೋರಾಗಿ ನಡೀಬೇಕಲ್ರಿ?

ಇಲ್ಲ ಅಂದರು ರಾವ್, 1952ರ ತಮ್ಮ ಲೇಖನದಲ್ಲಿ. ಇಂಗ್ಲೆಂಡಿನಲ್ಲಿ ಆಗ ಕಾರ್ಖಾನೆ ಇತ್ತು, ಕಾರ್ಮಿಕರಿದ್ದರು, ಕೊಳ್ಳುವವರು ಮಾತ್ರ ಇರಲಿಲ್ಲ. ನಮ್ಮಲ್ಲಿ ಕೊಳ್ಳುವವರಿದ್ದರೂ ಬೆಳೆ ಕೂಡಲೇ ಹೆಚ್ಚಾಗಲ್ಲ. ಕೈಯಲ್ಲಿ ನಾಲ್ಕು ಕಾಸು ಬಂದ್ರ ರೈತ ತಾನು ಬೆಳೆದದ್ದನ್ನ ಮನೆಗೇ ಹೆಚ್ಚು ಇಟ್ಕೋತಾನ. ಪೇಟೆಗೆ ಬರೋದು ಕಡಿಮೆ, ಬೆಲೆ ಏರುತ್ತದೆ. ಗುಣಕ ರೂಪಾಯಿಯಲ್ಲಿ ನಡೀತದ, ಚೀಲದಲ್ಲಿ ನಡೆಯಲ್ಲ.

ನಮ್ಮ ತಿಕೋಟಾ, ಬಬಲೇಶ್ವರ ಕಡೆ ನೋಡ್ರಿ. ನೀರಿಲ್ಲದ ಹೊಲಕ್ಕೆ ಎಷ್ಟು ಸಾಲ ಸುರಿದರೂ ದ್ರಾಕ್ಷಿ ಬರಲ್ಲ. ಏತ ನೀರಾವರಿಯಿಂದ ಕೃಷ್ಣೆಯ ನೀರು ಕಾಲುವೆಗೆ, ಕೆರೆಗೆ ಬಂದಾಗಲೇ ಅದೇ ರೂಪಾಯಿ ಬೆಳೆಯಾಗೋದು. ಮೊದಲು ನೀರು, ರಸ್ತೆ, ಕೌಶಲ. ಆಮೇಲೆ ಹಣಕ್ಕೆ ಕೆಲಸ. ಇನ್ನೊಂದು ಮಾತು ನನ್ನದು. ಒಣದ್ರಾಕ್ಷಿ ಹೊತ್ತ ಗಾಡಿ ತಾಸಗಾಂವ, ಸಾಂಗ್ಲಿ ದಾರಿ ಹಿಡಿದರೆ ದಲಾಲಿ, ಹಮಾಲಿ, ಕೋಲ್ಡ್ ಸ್ಟೋರೇಜ್ ಬಾಡಿಗೆ ಎಲ್ಲ ಅಲ್ಲೇ ಉಳೀತದ. ಸರಪಳಿಯ ಮುಂದಿನ ಕೊಂಡಿ ಇನ್ನೊಂದು ಊರಿಗೆ ಸೇರ್ತದ. ವಿಜಯಪುರದಲ್ಲೇ ಮಾರುಕಟ್ಟೆ ಗಟ್ಟಿಯಾಗಬೇಕು ಅನ್ನೋದು ಇದಕ್ಕೇ.

ರಾವ್ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದರು, ಬಳ್ಳಾರಿಯಿಂದ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಶಿಕ್ಷಣ ಸಚಿವರಾದರು. 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಸಂಸ್ಥೆ ಕಟ್ಟಿದರು. 1991ರಲ್ಲಿ ತೀರಿಕೊಂಡರು.

ಕೇಂಬ್ರಿಡ್ಜ್‌ನ ಋಣ ಅವರು ತೀರಿಸಿದ್ದು ಹಾಡಿ ಹೊಗಳಿ ಅಲ್ಲ, ಅಲ್ಲಿನ ಪಾಠವನ್ನ ನಮ್ಮ ಹೊಲಕ್ಕೆ ತಂದು ಒರೆಗೆ ಹಚ್ಚಿ. ವಿದೇಶಕ್ಕೆ ಓದಲು ಹೊರಟ ನಮ್ಮ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆ ಮಾದರಿ ಬೇಕೇನ್ರಿ? ಮುಂದಿನ ವಾರ ಸಿಗೋಣ.