ಕಡತಗಳಲ್ಲಿ ಕನ್ನಡ ಅಕ್ಷರಗಳು ವಿಕೃತವಾಗಿ ಕಾಣುವುದಕ್ಕೆ ಕಾರಣ ಮತ್ತು ಪರಿಹಾರ

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಅವಗಾಹನೆಗೆ.

ಗ್ರಾಮಸಭೆಯ ನಡವಳಿ ಅಥವಾ ವಸತಿ ಫಲಾನುಭವಿಗಳ ಪಟ್ಟಿಯು ಕಚೇರಿಯ ಗಣಕಯಂತ್ರದಲ್ಲಿ ಸರಿಯಾಗಿದ್ದು, ಸದಸ್ಯರ ಮೊಬೈಲಿನಲ್ಲಿ ತೆರೆದಾಗ ಹೆಸರುಗಳ ಸ್ಥಾನದಲ್ಲಿ ತಲೆಯ ಮೇಲೆ ಚಿಹ್ನೆ ಹೊತ್ತ ರೋಮನ್ ಅಕ್ಷರಗಳು ಕಾಣಿಸುವುದುಂಟು. ಕಡತ ಹಾಳಾಗಿದೆಯೆಂದು ಭಾವಿಸಿ ಪಟ್ಟಿಯನ್ನು ಮತ್ತೆ ಬೆರಳಚ್ಚು ಮಾಡಿಸಬೇಕಾಗಿಲ್ಲ. ಹೆಸರುಗಳು ತಪ್ಪುವುದು ಹೆಚ್ಚಾಗಿ ಆಗಲೇ.

ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಿದ್ದವು. ಕಡತದಲ್ಲಿ ಉಳಿಯುವುದು ಸಂಕೇತ ಮಾತ್ರ. ಆ ಅಕ್ಷರಶೈಲಿ ಇಲ್ಲದ ಯಂತ್ರವು ಅದನ್ನು ರೋಮನ್ ಆಗಿಯೇ ತೋರಿಸುತ್ತದೆ. ಅಂಕಿಗಳ ಸಂಕೇತ ಬದಲಾಗದ ಕಾರಣ ಮೊತ್ತಗಳು ಮಾತ್ರ ಸ್ಪಷ್ಟವಾಗಿರುತ್ತವೆ. ಅಪಾಯವಿರುವುದು ಇಲ್ಲಿಯೇ: ಮೊತ್ತವನ್ನು ನೋಡಿ ಹೆಸರನ್ನು ಊಹಿಸುವ ಪ್ರಸಂಗ ಬರಬಾರದು. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತಗಳಿದ್ದು, ಅದರಲ್ಲಿ ಬರೆದ ಪಠ್ಯಕ್ಕೆ ಈ ತೊಂದರೆಯಿಲ್ಲ.

ಕಡತವನ್ನು ಓದುವುದಷ್ಟೇ ಉದ್ದೇಶವಾದರೆ, ಕೆಟ್ಟು ಕಾಣುವ ಭಾಗವನ್ನು ಮಾತ್ರ ಆಯ್ದು ಅದು ಬರೆಯಲ್ಪಟ್ಟ ಅಕ್ಷರಶೈಲಿಯನ್ನು ಅನ್ವಯಿಸಬೇಕು. ಇಡೀ ಕಡತಕ್ಕೆ ಅನ್ವಯಿಸಿದರೆ ಅದರಲ್ಲಿರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಜಾಲತಾಣಗಳಲ್ಲಿ ನಮೂದಿಸಬೇಕಾದ ಅಥವಾ ಮುಂದೆ ಹುಡುಕಬೇಕಾದ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತರುವುದೇ ಯುಕ್ತ.

ಪರಿವರ್ತನೆಯ ನಂತರ ಅರ್ಕಾವತ್ತನ್ನು ವಿಶೇಷವಾಗಿ ಪರಿಶೀಲಿಸತಕ್ಕದ್ದು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಸಂಕೇತವು ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರವೇ ಮೊದಲು. ಪರಿವರ್ತಕವು ಈ ಕ್ರಮವನ್ನು ಬದಲಿಸದಿದ್ದರೆ ‘ದುರ್ಗಪ್ಪ’ ಎಂಬ ಹೆಸರು ‘ದುಗರ್ಪ್ಪ’ ಆಗುತ್ತದೆ. ದಾಖಲೆಗಳಲ್ಲಿ ಹೆಸರು ಹೊಂದದಿದ್ದಲ್ಲಿ ತೊಂದರೆಗೀಡಾಗುವವರು ಫಲಾನುಭವಿಗಳೇ. ಆದುದರಿಂದ ಪಟ್ಟಿಯನ್ನು ಮೂಲ ಮುದ್ರಿತ ಪ್ರತಿಯೊಡನೆ ಹೆಸರು ಹೆಸರಾಗಿ ಓದಿ ತಾಳೆ ನೋಡಬೇಕು.

ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಅದು ಬೇರೆ ದೋಷ. ಪಠ್ಯವು ಬಹುಮಟ್ಟಿಗೆ ಯೂನಿಕೋಡ್‌ನಲ್ಲಿಯೇ ಇದ್ದು, ಆಯ್ದ ಅಕ್ಷರಶೈಲಿಯಲ್ಲಿ ಕನ್ನಡ ಇರುವುದಿಲ್ಲ. ತುಂಗಾ, ನಿರ್ಮಲಾ ಅಥವಾ ನೋಟೋ ಸಾನ್ಸ್ ಕನ್ನಡವನ್ನು ಆಯ್ದರೆ ಸಾಕು. ಬಳ್ಳಾರಿಯು ‘ಬಳ್‌ಳಾರಿ’ಯಾಗಿ, ಸಿರುಗುಪ್ಪವು ‘ಸಿರುಗುಪ್‌ಪ’ವಾಗಿ ಕಂಡರೆ ಒತ್ತಕ್ಷರ ಜೋಡಿಸಲಾರದ ಹಳೆಯ ತಂತ್ರಾಂಶ ಕಾರಣವಾಗಿರಬಹುದು. ಪಠ್ಯವನ್ನು ತಿದ್ದುವ ಮೊದಲು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು.

ಸಭೆಗೆ ಮುನ್ನ ಸದಸ್ಯರಿಗೆ ಕಳುಹಿಸುವ ಪ್ರತಿಯು ಅಕ್ಷರಶೈಲಿಯನ್ನು ಒಳಗೊಂಡ ಪಿಡಿಎಫ್ ಆಗಿರಲಿ. ಪರಿವರ್ತಿತ ಕಡತವನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲ ಕಡತವನ್ನು ಅಳಿಸದೆ ಕಚೇರಿಯಲ್ಲಿ ಕಾಯ್ದಿರಿಸತಕ್ಕದ್ದು.